ವರತೆಯ ಕೆಂಪು ನೀರು

ಪ್ಲೇಗು ಬಂದು ಹೋದ ಮರುವರ್ಷ ಸಾಹುಕಾರ ಚಿಕ್ಕಬಸಪ್ಪ ರಾಂಪುರದ ಹತ್ತಿರ ಹಗರಿ ಹೊಳೆಯ ದಂಡೆಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಇಟ್ಟ. ಮೊಳಕಾಲ್ಮೂರಿನ ಸೀರೆಗೆ ಪರದೇಶದ ಪುಡಿಬಣ್ಣ ಕಾಲಿಟ್ಟ ಕಾಲ ಅದು. ನೂಲು ಅದ್ದಿ ಉಳಿದ ಹೊಲಸನ್ನೆಲ್ಲ ಹಿತ್ತಲಿನ ಗುಂಡಿಗೆ ಸುರಿಸುತ್ತಿದ್ದ. ಗುಂಡಿ ಎಂದೂ ತುಂಬಲಿಲ್ಲ. ಆ ಹೊಲಸು ಎಲ್ಲಿಗೆ ಇಂಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಮನೆಗೆ ಮಾತ್ರ ದೂರದ ತೋಟದ ಬಾವಿಯಿಂದ ನೀರು ಬರುತ್ತಿತ್ತು.

ಬೇಸಗೆಯಲ್ಲಿ ಹೊಳೆ ಬತ್ತಿದಾಗ ಕೆಳಗಿನ ಹಟ್ಟಿಯವರು ಮರಳು ತೋಡಿ ವರತೆ ಮಾಡಿ, ಜಿನುಗಿದ ನೀರನ್ನೇ ಕುಡಿಯುತ್ತಿದ್ದರು. ಆ ವರ್ಷ ವರತೆಯಲ್ಲಿ ಕೆಂಪು ನೀರು ಬಂತು. ಮಳೆಗಾಲದಲ್ಲಿ ಕೆಂಪು ಹೊಸನೀರು ಹರಿದರೆ ಗಂಗಮ್ಮ ಬಂದಳೆಂದು ಉಡಿ ತುಂಬುವ ಜನ ಅವರು. "ಮಳೆ ಇಲ್ದಿದ್ರೂ ತಾಯಿ ಬಂದವ್ಳೆ" ಎಂದ ಪೂಜಾರಿ ಕ್ಯಾತಪ್ಪ. ವರತೆಗೆ ಅರಿಸಿನ ಕುಂಕುಮ ಬಿತ್ತು, ನೀರು ತೀರ್ಥವಾಯಿತು. ವಿಷಕ್ಕೆ ಆರತಿ ಎತ್ತಿದರಲ್ಲ! ಹೇಳುವಾಗ ಇವತ್ತಿಗೂ ಮೈ ಉರಿಯುತ್ತದೆ. ಸಿಟ್ಟು ಅವರ ಮೇಲಲ್ಲ. ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ಪೂಜೆಗೆ ಹಸಿರು ಸೀರೆ ಕೊಡುತ್ತೇನೆಂದನಲ್ಲ, ಆ ಚಿಕ್ಕಬಸಪ್ಪನ ಮೇಲೆ.

ಹಟ್ಟಿಯ ಬೋರಕ್ಕನ ಒಬ್ಬಳೇ ಮಗಳು, ಇನ್ನೂ ಎಳೆ ಕೂಸು, ವಾಂತಿ ಮಾಡಿ ಮಾಡಿ ಸೊರಗಿತ್ತು. "ತೀರ್ಥ ಬಿಡಬ್ಯಾಡ, ತಾಯೇ ಕಾಯ್ತಾಳೆ" ಎಂದ ಕ್ಯಾತಪ್ಪ. ಬೋರಕ್ಕನ ಅತ್ತೆ ಯರ್ರಮ್ಮ ಹೊತ್ತುಹೊತ್ತಿಗೆ ಕುಡಿಸುತ್ತಲೇ ಇದ್ದಳು.

ಮಂಗಳವಾರ ದೊಡ್ಡ ಪೂಜೆ. ಚಿಕ್ಕಬಸಪ್ಪ ಕುದುರೆ ಗಾಡಿಯಲ್ಲಿ ಬಂದು ಸೀರೆ ಕೊಟ್ಟ. ಸೀರೆ ಕೊಟ್ಟವನಿಗೇ ಮೊದಲ ತೀರ್ಥ. ಕೂಸಿನ ತಾಯಿಯೇ ಕೊಡಲಿ ಎಂದು ಬೋರಕ್ಕನನ್ನು ಕರೆದರು.

"ಕುಡೀರಿ ಸಾಹುಕಾರ್ರೇ. ಕುಡಿದು, ನನ್ನ ಕೂಸು ಉಳೀಲಿ ಅನ್ರಿ."

ಅವನು ಅಂಗೈಗೆ ಹಾಕಿಸಿಕೊಂಡು ಮೆಲ್ಲಗೆ ಕೆಳಗೆ ಬಿಟ್ಟ. "ನಾವು ಲಿಂಗ ಕಟ್ಟಿದೋರು ಕಣಮ್ಮ. ಬ್ಯಾರೆ ತೀರ್ಥ ಕುಡಿಯಂಗಿಲ್ಲ."

ಬೋರಕ್ಕ ನಂಬಿದಳು. ಕಪಟ ತಿಳಿಯದ ಹೆಂಗಸು. "ಹಂಗಾದ್ರೆ ನಿಮ್ಮ ಕುದುರೆಗಾದ್ರೂ ಕುಡಿಸ್ತೀನಿ. ಪಾಪ, ಬಿಸಿಲಾಗೆ ಬಂದೈತೆ" ಎಂದು ತೀರ್ಥದ ಕೊಡ ಎತ್ತಿ ಅದರ ಮೂತಿಗೆ ಹಿಡಿದಳು.

"ಏಯ್, ಬ್ಯಾಡ!" ಚಿಕ್ಕಬಸಪ್ಪ ಹಾರಿ ಬಂದು ಕೊಡ ಒದ್ದ. "ಜಾತಿ ಕುದುರೆ ಅದು, ಸತ್ತುಗಿತ್ತೀತು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ನಾಲಿಗೆ ಕಚ್ಚಿಕೊಂಡ. ಕ್ಯಾತಪ್ಪ ಆರತಿ ತಟ್ಟೆಯನ್ನು ಅವನ ಮುಖಕ್ಕೇ ಎಸೆದ. ಮರಳು ತೋಡುವ ಸಲಿಕೆ ಹಿಡಿದು ಹಟ್ಟಿಗೆ ಹಟ್ಟಿಯೇ ಬಣ್ಣದ ಗುಂಡಿಯ ಕಡೆ ನುಗ್ಗಿತು.

ಬೋರಕ್ಕ ಅದಾವುದನ್ನೂ ನೋಡಲಿಲ್ಲ. ಎದ್ದುಬಿದ್ದು ಮನೆಗೆ ಓಡಿದಳು. ಯರ್ರಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಬಾಯಿಗೆ ತೀರ್ಥ ಕುಡಿಸುವ ಒಳಲೆ ಹಿಡಿದಿದ್ದಳು. ಬೋರಕ್ಕ ಒಳಲೆಯನ್ನು ಕಿತ್ತು ಗೋಡೆಗೆ ಬಡಿದಳು.

"ಪಾಪಿ! ತಾಯಿ ತೀರ್ಥ ಚೆಲ್ಲಿದ್ಯಲ್ಲೇ!" ಎಂದಳು ಯರ್ರಮ್ಮ.

ಕುಡಿಸಿದ್ದೆಲ್ಲ ಕೂಸಿನ ಕಟವಾಯಿಯಿಂದ ಕೆಂಪಗೆ ಹೊರಗೆ ಹರಿದಿತ್ತು. ಕೂಸಿಗೆ ಉಸಿರಿರಲಿಲ್ಲ.

"ಸಾಹುಕಾರನ ಕುದುರೆಗೂ ಬ್ಯಾಡಂತೆ ಅತ್ತೇ, ಈ ನೀರು" ಎಂದಳು ಬೋರಕ್ಕ.