ಮೂತಿ ಎಷ್ಟು ಎತ್ತರ

ಹೊಂಗೆ ಎಲೆಯ ನೆರಳು ಫೋನಿನ ಗಾಜಿನ ಮೇಲೆ ಆಡುತ್ತಿದೆ, ಒಂದು ಸಾಲು ಕಂಡರೆ ಇನ್ನೊಂದು ಕಾಣದು, ರಮ್ಯ ಅಂಗೈ ಅಡ್ಡ ಹಿಡಿದಳು, ಸುತ್ತಲ ಊರಿನವರು ಫೋನಿನಲ್ಲೇ ಸೇರಿ ಮಾತಾಡುವ ಕಟ್ಟೆಯ ಬಾಗಿಲಲ್ಲಿ ಮೂರು ಬರಹ ಕಾಯುತ್ತಿವೆ, ಈ ವಾರ ಬಾಗಿಲು ಕಾಯುವ ಪಾಳಿ ತನ್ನದು, ಸೋಮವಾರದಿಂದ ಸೋಮವಾರಕ್ಕೆ, ಮುಂದಿನ ವಾರ ಮಾಗಡಿಯ ಟೈಲರ್ ಆಫ್ತಾಬ್ ಅಣ್ಣನದು — ಕುರಿಗಳು ಬದುವಿನ ಗರಿಕೆ ಕೀಳುವ ಚರಚರ ಸದ್ದು, ಅತ್ತ ಸಾವನದುರ್ಗದ ಬಂಡೆಯ ಮೇಲೆ ಹತ್ತು ಗಂಟೆಯ ಬಿಸಿಲು, ಹಾಯಾಗಿದೆ, ಸುಳ್ಳೇಕೆ, ನಿಜಕ್ಕೂ ಹಾಯಾಗಿದೆ. ಹೋದ ವರ್ಷ ಇದೇ ಮರದ ಕೆಳಗೆ ಕೂತರೂ ಹೀಗಿರಲಿಲ್ಲ, ಆಗ ದೊಡ್ಡ ಆ್ಯಪಿನಲ್ಲಿ ಅವಳು ಕುರಿ ರಮ್ಯ, ನಲವತ್ತೊಂದು ಸಾವಿರ ಜನ ಹಿಂದೆ, ಒಂದು ದಿನ ವಿಡಿಯೊ ಹಾಕದಿದ್ದರೆ ಮರುದಿನ ಯಾರ ಕಣ್ಣಿಗೂ ಬೀಳದ ಹಾಗೆ ಮೂಲೆಗೆ ತಳ್ಳುತ್ತಿತ್ತು, ಕುರಿ ಮರಿ ಹಾಕುತ್ತಿದ್ದರೂ ಮೊದಲು ಬೆಳಕು ಸರಿಯಿದೆಯೇ ಎಂದು ನೋಡುವುದು, ಮುದ್ದೆ ಮುರಿಯುತ್ತಾ ಹಾರ್ಟು ಎಷ್ಟಾಯಿತು ಎಂದು ನೋಡುವುದು, ಗುರುತಿಲ್ಲದವನೊಬ್ಬ ಸೆರಗಿನ ಬಗ್ಗೆ ಕೊಳಕು ಮಾತು ಬರೆದ, ದೂರು ಕೊಟ್ಟರೆ ತಪ್ಪೇನೂ ಕಂಡಿಲ್ಲ ಅಂತ ಯಂತ್ರದ ಉತ್ತರ, ಆ ಯಂತ್ರಕ್ಕೆ ಅಕ್ಕ ತಂಗಿ ಇದ್ದರೆ ತಾನೇ. ಅತ್ತೆ ಲಕ್ಷ್ಮಿದೇವಮ್ಮ ಕೊಟ್ಟಿಗೆಯಿಂದಲೇ ಕೂಗುತ್ತಿದ್ದಳು, ಏನಮ್ಮಿ, ಲೋಕಕ್ಕೆಲ್ಲ ಕುರಿ ತೋರುಸ್ತೀಯ, ಕುರಿಗೆ ಒಸಿ ನೀರ್ ತೋರುಸ್ದಾ? ಆಗ ಸಿಟ್ಟು ಬರುತ್ತಿತ್ತು. ಈಗ ನಗು ಬರುತ್ತದೆ.

ಈ ಕಟ್ಟೆಗೆ ಕರೆದವಳು ಪ್ರತಿಮಾ, ಸೋಲೂರಿನಲ್ಲಿ ಲೈಬ್ರರಿ ನೋಡಿಕೊಳ್ಳುವವಳು, ಲೈಬ್ರರಿಯ ಹಳೇ ಕಂಪ್ಯೂಟರಿನಲ್ಲೇ ಕಟ್ಟೆ ಇರುವುದು, ಕರೆಂಟು ಹೋದರೆ ಕಟ್ಟೆಯೂ ಇಲ್ಲ, ಜನ ಬೈದುಕೊಂಡು ಕಾಯುತ್ತಾರೆ, ಬಂದ ಮೇಲೆ ಮಾತು ನಿಂತಲ್ಲಿಂದ ಶುರು. ಮೊದಲ ದಿನ ರಮ್ಯ ಹುಡುಕಿದ್ದು ಹಾರ್ಟು ಒತ್ತುವ ಜಾಗ — ಇಲ್ಲಿ ಅದೆಲ್ಲ ಇಲ್ಲ ಕಣಮ್ಮ, ಹೇಳೋದಿದ್ರೆ ಬಾಯ್ಬುಟ್ಟು ಹೇಳು, ಅಂದಿದ್ದಳು ಪ್ರತಿಮಾ — ಮುನ್ನೂರ ಹನ್ನೆರಡೇ ಜನ, ಅಯ್ಯೋ ಇಷ್ಟೇನಾ ಅನ್ನಿಸಿತ್ತು, ನಲವತ್ತೊಂದು ಸಾವಿರ ಎಲ್ಲಿ, ಇದೆಲ್ಲಿ, ಅಜಗಜಾಂತರ. ಆದರೆ ಆ ಮುನ್ನೂರರಲ್ಲಿ ಯಾರ ಮನೆ ಎಲ್ಲಿ ಅಂತ ಗೊತ್ತು, ಗುಡೇಮಾರನಹಳ್ಳಿಯ ಕೆಂಚಮ್ಮ ಕೋಳಿಯ ಬಗ್ಗೆ ಕೇಳಿದರೆ ಸಂಜೆಯೊಳಗೆ ನಾಲ್ಕು ಜನ ಹೇಳುತ್ತಾರೆ, ನಾಲ್ಕು ದಿನ ಬಿಟ್ಟು ಕೆಂಚಮ್ಮ ಬಂದು ಯಾವುದು ಫಲಿಸಿತು, ಯಾವುದು ಬರೀ ಬೊಗಳೆ ಅಂತ ಹೆಸರು ಹಿಡಿದೇ ಹೇಳುತ್ತಾಳೆ, ಸಂತೆಯಲ್ಲಿ ಸಿಕ್ಕರೆ ಮುಖ ನೋಡಿಯೇ ನಗುತ್ತಾಳೆ. ದನ ಕುರಿಯ ಮಾರಾಟ, ಔಷಧಿಯ ಮಾತನ್ನು ಮಾತ್ರ ಪಾಳಿಯವರು ಓದಿ ಒಳಗೆ ಬಿಡಬೇಕು, ತಡೆದರೆ ಯಾಕೆ ತಡೆದೆ ಅಂತ ನಾಲ್ಕು ಜನ ಓದುವ ಹಾಗೆ ಬರೆಯಬೇಕು, ಅದೊಂದು ಕಟ್ಟಳೆ. ಮೊದಲನೆಯ ಬರಹ ಟಗರು ಮಾರುವುದು, ಬಿಟ್ಟಳು. ಎರಡನೆಯದು ಕಾಲುಗೊರಸಿನ ಹುಣ್ಣು, ಬಿಟ್ಟಳು. ಮೂರನೆಯದು ಸೋಲೂರಿನ ಅನಂತರಾಜು ಬರೆದದ್ದು, ತೆಂಗಿನ ತೋಟದವರು, ಹೋದ ತಿಂಗಳು ಕುರಿ ಕೊಳ್ಳುವಾಗ ಹಲ್ಲು ನೋಡುವುದು ಹೇಗೆ ಅಂತ ಅವಳನ್ನೇ ಕೇಳಿದ್ದರು.

ನಾನು ಕುರಿಗೆ ಹೊಸಬ, ಐದು ತಂದಿದ್ದೆ, ಅಂತ ಶುರುವಾಗುತ್ತದೆ, ಹೋದ್ ವಾರ ಒಂದಕ್ಕೆ ಹೊಟ್ಟೆ ಉಬ್ಬರ ಆಗಿ ರಮ್ಯಮ್ಮ ಇಲ್ಲಿ ಹಾಕಿದ್ದ ವಿಡಿಯೊ ನೋಡ್ಕಂಡು ಥೇಟ್ ಹಂಗೇ ಹಿಡ್ದು ಎಣ್ಣೆ ಕುಡಿಸ್ದೆ, ಉಬ್ಬರ ಇಳೀತು, ಆದ್ರೆ ಆಗ್ಲಿಂದ್ಲೇ ಕೆಮ್ಮು ಹಿಡ್ಕತು, ಡಾಕ್ಟ್ರು ಬಂದು ಎಣ್ಣೆ ಶ್ವಾಸಕ್ಕೆ ಹೋಗೈತೆ ಅಂದ್ರು, ನಾಕನೇ ದಿನ ಹೋಗ್ಬುಡ್ತು, ಇದು ರಮ್ಯಮ್ಮನ ಮ್ಯಾಲೆ ದೂರಲ್ಲ, ನನ್ ಕೈ ಎಲ್ಲಿ ತಪ್ತು ಅಂತ ಗೊತ್ತಿರೋರು ಹೇಳಿ, ಇನ್ನೂ ನಾಕವೆ.

ಇನ್ನೂ ನಾಕವೆ — ರಮ್ಯ ಮತ್ತೆ ಓದಿದಳು, ಅದೇ ವಿಡಿಯೊ, ಎರಡು ವರ್ಷದ ಹಿಂದಿನದು, ಗಂಡ ಕುಮಾರ ಫೋನು ಹಿಡಿದಿದ್ದ, ಅವಳು ಒಂದು ಕಪ್ಪು ಕುರಿಯನ್ನು ಮಂಡಿ ನಡುವೆ ಹಿಡಿದಿದ್ದಳು, ಮದ್ದು ಕುಡಿಸುವ ಬಿದಿರಿನ ಗೊಟ್ಟ ಬಾಯಿಗೆ ಇಟ್ಟಿದ್ದಳು, ಅವನಂದ, ಮೂತಿ ಕಾಣಕಿಲ್ಲ ಕಣೆ, ನಿನ್ ಮೊಕಾನೂ ಬರ್ಬೇಕು, ಇನ್ನೊಸಿ ಎತ್ತು, ಎತ್ತಿದಳು, ಇನ್ನೊಸಿ ಎತ್ತು, ಎತ್ತಿದಳು, ಉದ್ದನೆಯ ಚೌಕಟ್ಟಿಗೆ ಅವಳ ನಗುಮುಖ ಮೇಲೆ, ಕುರಿಯ ಮೂತಿ ಅದರ ಕೆಳಗೆ ಆಕಾಶ ನೋಡುತ್ತಾ, ಎಷ್ಟು ಚೆನ್ನಾಗಿ ಬಂದಿತ್ತು — ಕುರಿಗೆ ಕಾಯಿಲೆಯಿರಲಿಲ್ಲ, ಗೊಟ್ಟದಲ್ಲಿ ಒಂದು ತೊಟ್ಟು ಎಣ್ಣೆಯೂ ಇರಲಿಲ್ಲ. ಖಾಲಿ ಗೊಟ್ಟ. ತುಂಬಿದ ಗೊಟ್ಟವನ್ನು ಹಾಗೆ ಹಿಡಿದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಕೈಗೆ ಗೊತ್ತಿತ್ತು, ಮದುವೆಯಾದ ವರ್ಷವೇ ಅತ್ತೆ ಮಣಿಕಟ್ಟು ಹಿಡಿದು ಕಲಿಸಿದ್ದಳು, ಮೂತಿ ಬೆನ್ನಿನ ಮಟ್ಟ ದಾಟ್ಬಾರ್ದು ಕಣಮ್ಮಿ, ದಾಟುದ್ರೆ ಗಂಟ್ಲು ಬುಟ್ಟು ಉಸ್ರಿಗೆ ಇಳೀತದೆ. ವಿಡಿಯೊ ಹಾಕಿದ ದಿನ ಆರುನೂರು ಮಾತು ಬಂದಿದ್ದವು, ಸೂಪರ್ ಅಕ್ಕ, ಬೆಂಕಿ ಅಕ್ಕ, ಕೈಮುಗಿದ ಕೈಗಳು, ನಡುವೆ ಎಲ್ಲೋ ಯಾರೋ ನಮ್ಮ ಕುರಿ ಕೆಮ್ಮುತ್ತಿದೆ ಅಂತಲೂ ಬರೆದಿದ್ದರೇನೋ, ಅವಳು ಓದಿದ್ದರೆ ತಾನೇ, ಎಣಿಸಿದ್ದಳು ಅಷ್ಟೇ. ಅಲ್ಲಿನ ಖಾತೆ ಮುಚ್ಚಿ ಬಂದರೂ ಆ ವಿಡಿಯೊ ಸತ್ತಿಲ್ಲ, ಯಾರೋ ಹಾಡು ಸೇರಿಸಿ ತಮ್ಮದೆಂದು ಹಾಕಿಕೊಂಡಿದ್ದಾರೆ. ಇಲ್ಲಿ ಕಟ್ಟೆಯಲ್ಲಿ ಉಬ್ಬರಕ್ಕೇನು ಮದ್ದು ಅಂತ ಯಾರೋ ಕೇಳಿದಾಗ ಸೋಮಾರಿತನಕ್ಕೆ ಫೋನಿನಲ್ಲಿದ್ದ ಅದನ್ನೇ ಎತ್ತಿ ಹಾಕಿದ್ದು ಅವಳೇ, ಸೋಮಾರಿತನ ಅಲ್ಲ, ಒಸಿ ಜಂಬ.

ತಡೆ ಅನ್ನುವ ಗುಂಡಿ ಅಲ್ಲೇ ಇದೆ, ಬಿಡು ಅನ್ನುವುದರ ಪಕ್ಕ, ಬೆರಳಗಲವೂ ದೂರವಿಲ್ಲ. ಡಾಕ್ಟರನ್ನು ಕೇಳುವುದು ಒಳ್ಳೆಯದು ಅಂತ ಕಾರಣ ಬರೆದರೆ ಮುಗಿಯಿತು, ಯಾರೂ ತಪ್ಪು ಹುಡುಕುವುದಿಲ್ಲ, ಅನಂತರಾಜು ಪಾಪ, ಹೌದು ಹೌದು ಅಂದುಕೊಂಡು ಸುಮ್ಮನಾಗುತ್ತಾರೆ, ಕುರಿ ರಮ್ಯಳ ಹೆಸರು ಹೆಸರಾಗಿಯೇ ಉಳಿಯುತ್ತದೆ — ಮತ್ತೆ ಒಂದು ದಿನ ಇನ್ನೊಂದಕ್ಕೆ ಉಬ್ಬರ ಬರುತ್ತದೆ, ಆ ಮನುಷ್ಯ ವಿಡಿಯೊ ತೆಗೆಯುತ್ತಾರೆ, ಥೇಟ್ ಹಂಗೇ ಹಿಡಿಯುತ್ತಾರೆ, ನಾಕು ಮೂರಾಗುತ್ತದೆ. ಹೋದ ಹೆಸರು ಇನ್ನೊಂದು ವರ್ಷಕ್ಕೆ ಬಂದೀತು, ಕುರಿ ಬರುತ್ತದೆಯೇ. ಅವಳು ಬಿಡು ಒತ್ತಿದಳು. ಅದರ ಕೆಳಗೇ ಅನಂತರಾಜುವಿಗೆ ಬರೆದಳು, ರಾಜಣ್ಣ, ತಪ್ಪಿದ್ದು ನಿಮ್ಮ ಕೈಯಲ್ಲ, ನಂದು, ಚಿತ್ರ ಚೆನ್ನಾಗಿ ಬರ್ಲಿ ಅಂತ ಮೂತಿ ಎತ್ತಿದ್ದೆ, ಗೊಟ್ಟ ಖಾಲಿ ಇತ್ತು, ಮೂತಿ ಬೆನ್ನಿನ ಸಮಕ್ಕಿರ್ಬೇಕು, ಎಣ್ಣೆ ಗುಟುಕು ಗುಟುಕಾಗಿ ಬುಡ್ಬೇಕು, ಕೆಮ್ಮುದ್ರೆ ತಕ್ಷಣ ತಲೆ ಬುಟ್ಬುಡಿ, ನಿಮ್ಮ ಕುರಿ ಹೋಗಿದ್ದು ನನ್ನಿಂದ. ಕಳಿಸಿ, ಫೋನನ್ನು ಹುಲ್ಲಿನ ಮೇಲೆ ಬೋರಲು ಹಾಕಿ ಕೂತಳು.

ಮೊದಲು ಬಂದವಳು ಕೆಂಚಮ್ಮ, ಅಲ್ಲ ಕಣಮ್ಮಿ, ಕುರಿ ಸಾಕೋ ಮನೇಲಿ ಇದ್ಕಂಡು ಹಿಂಗಾ ಮಾಡೋದು, ನಿಮ್ಮತ್ತೆಗೆ ಗೊತ್ತಾ — ಸರಿಯಾಗಿಯೇ ಬೈದಳು, ಬೈಸಿಕೊಂಡದ್ದು ಎಷ್ಟೋ ಹಗುರ, ಎದುರಿಗೆ ನಿಂತು ಬೈದ ಹಾಗೇ ಇದೆ, ನಾಳೆ ಎದುರಿಗೂ ಬೈಯುತ್ತಾಳೆ, ಬೈದು ಎಲೆ ಅಡಿಕೆ ಕೊಡುತ್ತಾಳೆ. ಪ್ರತಿಮಾ ವಿಡಿಯೊ ತೆಗೆದು, ಯಾಕೆ ತೆಗೆದದ್ದು ಅಂತ ಎರಡು ಸಾಲು ಬರೆದಳು. ಅವಳು ಕುರಿಗಳನ್ನು ಬದುವಿನಿಂದಾಚೆ ತಿರುಗಿಸಿ ಬಂದಳು, ಅನಂತರಾಜು ಕ್ಷಮಿಸದಿದ್ದರೂ ಸರಿ, ಗುಟುಕು ಗುಟುಕು ಅನ್ನುವುದನ್ನು ಓದಿದರೆ ಸಾಕು, ಅಷ್ಟಾದರೆ ಸಾಕಪ್ಪ — ಆಗ ಫೋನು ನಡುಗಿತು, ಮಾತಲ್ಲ, ಫೋಟೊ, ತೆಂಗಿನ ಬುಡದಲ್ಲಿ ಒಂದು ಬಿಳೀ ಕುರಿ, ಅನಂತರಾಜುವಿನ ಮಂಡಿ, ಎಣ್ಣೆಯಿಲ್ಲ, ಗೊಟ್ಟವಿಲ್ಲ, ಬರೀ ಅಭ್ಯಾಸಕ್ಕೆ ಹಿಡಿದ ಅಂಗೈ ಮೇಲೆ ಮೂತಿ, ಕೆಳಗೆ ಎರಡೇ ಪದ, ಹಿಂಗಾ ರಮ್ಯಮ್ಮ? ಅವಳಿಗೆ ಕಣ್ಣು ತುಂಬಿ ಬಂತು, ಒರೆಸಿಕೊಂಡು ಫೋಟೊ ಹಿಗ್ಗಿಸಿ ನೋಡಿದಳು, ಇನ್ನೂ ಮೇಲಿದೆ, ಇನ್ನೊಂದು ಬೆರಳು ಇಳಿಸಿ ರಾಜಣ್ಣ, ಮತ್ತೊಂದು ಫೋಟೊ ಬಂತು, ಹಿಂಗಾ, ಇನ್ನೊಸಿ, ಮತ್ತೊಂದು, ಈಗ ಯಾರ ಮುಖವೂ ಇಲ್ಲ, ಮಂಡಿಯೂ ಅರ್ಧ ಕತ್ತರಿಸಿ ಹೋಗಿದೆ, ಅಂಗೈ, ಅಂಗೈಯ ಮೇಲೆ ಮೂತಿ, ಬೆನ್ನಿನ ಸಮಕ್ಕೆ, ಮೂತಿ.