ಪಿಳ್ಳಮ್ಮ ರುಚಿ ನೋಡಿದ ನೀರು

ಒಂಬತ್ತನೇ ಕ್ಲಾಸಿನ ಮೊಮ್ಮಗ ರಾಮಾಂಜಿ ಎರಡು ಸೇರು ರಾಗಿಯನ್ನು ಟವೆಲ್ಲಿನಲ್ಲಿ ಕಟ್ಟಿ, ಕೂಸಿನ ಹಾಗೆ ಹೆಗಲಿಗೆ ಒರಗಿಸಿಕೊಂಡು ಬಂದದ್ದನ್ನು ನೋಡಿ ಪಿಳ್ಳಮ್ಮನಿಗೆ ಮೈಯೆಲ್ಲ ಉರಿಯಿತು. ರಾಜಗೋಪಾಲನಗರದ ಅವನ ಹೈಸ್ಕೂಲಿನಲ್ಲಿ ಮಗು ಸಾಕುವ ಪಾಠ ಶುರುವಾಗಿತ್ತು. ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಕಡ್ಡಾಯ. ರಾಗಿ ಗಂಟನ್ನೇ ಕೂಸೆಂದು ಎತ್ತಿಕೊಂಡು ಅಭ್ಯಾಸ ಮಾಡಬೇಕಿತ್ತು.

ಪಿಳ್ಳಮ್ಮ ಸುಮ್ಮನಿರುವ ಹೆಂಗಸಲ್ಲ. ನೆಟ್ಟಗೆ ಶಾಲೆಗೇ ಹೋಗಿ ಮರಿಯಮ್ಮ ಟೀಚರನ್ನು ತರಾಟೆಗೆ ತೆಗೆದುಕೊಂಡಳು. ಏಳು ಹೆತ್ತ ತನಗೆ ಯಾವ ಪಾಠವೂ ಬೇಕಾಗಿರಲಿಲ್ಲ, ಪೀಣ್ಯದ ಫ್ಯಾಕ್ಟರಿ ಸೇರುವ ಹುಡುಗನಿಗೆ ಲೇತು ಮೆಷಿನ್ನಿನ ಕೆಲಸ ಕಲಿಸುವುದು ಬಿಟ್ಟು ತೊಟ್ಟಿಲು ತೂಗಿಸುತ್ತೀರಾ ಎಂದಳು. ಟೀಚರು ಕುರ್ಚಿ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

"ಏಳರಲ್ಲಿ ಎಷ್ಟು ಉಳಿದ್ವು ಅಮ್ಮಾ?" ಎಂದು ಮೆಲ್ಲಗೆ ಕೇಳಿದರು.

ಪಿಳ್ಳಮ್ಮ ಸೆರಗು ಕೊಡವಿ ಎದ್ದು ಬಂದಳು.

ಮಳೆಗಾಲ ಬಂತು. ಒಂದು ದಿನ ಮಗ, ಸೊಸೆ ಇಬ್ಬರೂ ಬೆಳಗ್ಗೆ ಫ್ಯಾಕ್ಟರಿಗೆ ಹೋದ ಮೇಲೆ, ರಾಮಾಂಜಿಯ ತಂಗಿ, ವರ್ಷ ತುಂಬಿದ ಪುಟ್ಟಿಗೆ ಭೇದಿ ಹತ್ತಿತು. ಪಿಳ್ಳಮ್ಮ ತನ್ನ ಅತ್ತೆ ಹೇಳಿಕೊಟ್ಟ ಹಾಗೆ ನೀರು, ಹಾಲು ಎರಡನ್ನೂ ನಿಲ್ಲಿಸಿದಳು. ನೋಡನೋಡುತ್ತ ಮಗುವಿನ ಕಣ್ಣುಗಳು ಒಳಕ್ಕೆ ಹೋದವು. ಅಳುವುದಕ್ಕೂ ತ್ರಾಣವಿಲ್ಲದೆ ಅದು ನೀರಿನ ಬಿಂದಿಗೆಯ ಕಡೆ ಕೈ ಚಾಚಿತು.

ರಾಮಾಂಜಿ ಶಾಲೆಗೆ ಹೋಗಲಿಲ್ಲ. ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಒಂದು ಚಿಟಿಕೆ ಉಪ್ಪು, ಒಂದು ಟೀ ಚಮಚ ಸಕ್ಕರೆ ಹಾಕಿ ಕರಗಿಸಿದ.

"ಬ್ಯಾಡ ಕಣೋ, ನೀರು ಕೊಟ್ರೆ ಇನ್ನೂ ಜಾಸ್ತಿ ಆಯ್ತದೆ," ಎಂದಳು ಪಿಳ್ಳಮ್ಮ.

"ಕೊಡ್ದಿದ್ರೆ ಮಗು ಒಣಗೋಯ್ತದೆ ಅಜ್ಜಿ. ನೀನೇ ರುಚಿ ನೋಡು. ಕಣ್ಣೀರಿಗಿಂತ ಉಪ್ಪಾಗಿರಬಾರ್ದು ಅಂತ ಟೀಚರ್ ಹೇಳವ್ರೆ."

ಪಿಳ್ಳಮ್ಮ ಒಂದು ಚಮಚ ನಾಲಿಗೆಗೆ ಹಾಕಿಕೊಂಡಳು. ಕಣ್ಣೀರಿನ ರುಚಿ ಅವಳಿಗೆ ಗೊತ್ತಿತ್ತು. ನಲವತ್ತು ವರ್ಷದ ಹಿಂದೆ ಅವಳ ಮೂರನೆಯವನು ಚಿಕ್ಕಬೈರ ಹೀಗೇ ಕೈ ಚಾಚಿದ್ದ. ಅವಳು ಬಿಂದಿಗೆಯನ್ನೇ ಕಣ್ಣಿಗೆ ಕಾಣದ ಕಡೆ ಎತ್ತಿಟ್ಟಿದ್ದಳು.

"ಉಪ್ಪು ಸರಿಯಾಗೈತೆ," ಎಂದಳು. "ಕೊಡು."

ಹುಡುಗ ಅಂದು ರಾಗಿ ಗಂಟನ್ನು ಹಿಡಿದಿದ್ದ ಹಾಗೆಯೇ ತಂಗಿಯನ್ನು ಎತ್ತಿಕೊಂಡು, ತಲೆ ಎತ್ತರಕ್ಕಿಟ್ಟು, ಚಮಚ ಚಮಚವಾಗಿ ಕುಡಿಸಿದ. ಆಮೇಲೆ ಇಬ್ಬರೂ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ದಾರಿಯುದ್ದಕ್ಕೂ ಕುಡಿಸುತ್ತಲೇ ಇದ್ದರು. ನೀರು ಕೊಟ್ಟಿದ್ದಕ್ಕೇ ಮಗು ಉಳಿಯಿತು ಎಂದರು ಡಾಕ್ಟರು. ಸಂಜೆ ಸೊಸೆ ಬಂದಾಗ ಪುಟ್ಟಿ ಎದೆಹಾಲಿಗೆ ಹಟ ಮಾಡುತ್ತಿತ್ತು.

ಆ ತಿಂಗಳ ಪೋಷಕರ ಸಭೆಯಲ್ಲಿ ಕೆಲವರು ಹುಡುಗರಿಗೆ ಈ ಪಾಠ ಬೇಡವೆಂದು ಹಟ ಹಿಡಿದರು. ಪಿಳ್ಳಮ್ಮ ಎದ್ದು ನಿಂತಳು.

"ಏಳು ಹೆತ್ತೆ, ನಾಕು ಉಳಿದ್ವು. ಒಬ್ಬ ನೀರು ನೀರು ಅಂತಾನೇ ಹೋದ. ನಂಗೆ ಯಾರೂ ಹೇಳ್ಕೊಡ್ಲಿಲ್ಲ. ನಿಮ್ ಮಕ್ಕಳಿಗೆ ಹೇಳ್ಕೊಡ್ತಾವ್ರೆ, ಬ್ಯಾಡ ಅನ್ಬ್ಯಾಡಿ."

ಅದೇ ಟವೆಲ್ಲಿನಲ್ಲಿ ಕಟ್ಟಿ ತಂದಿದ್ದ ಎರಡು ಸೇರು ಹೊಸ ರಾಗಿಯನ್ನು ಟೀಚರ ಮಡಿಲಲ್ಲಿ ಇಟ್ಟು ಕೈಮುಗಿದಳು. ಯಾರೂ ಮತ್ತೆ ಬೇಡವೆನ್ನಲಿಲ್ಲ.

ಓದುವ ಅಕ್ಕ, ಅಣ್ಣಂದಿರೇ, ನಿಮ್ಮೂರ ಹೈಸ್ಕೂಲಿನಲ್ಲಿ ಈ ಪಾಠ ಇದೆಯೇ? ಇಲ್ಲದಿದ್ದರೆ ಹೆಡ್‌ಮಾಸ್ಟರನ್ನು ಹೋಗಿ ಕೇಳಿ. ಗಂಡು ಹೆಣ್ಣು ಇಬ್ಬರಿಗೂ ಇರಲಿ ಎನ್ನಿ. ನಾಳೆ ಅವರೇ ಅಪ್ಪ ಅಮ್ಮ ಆಗುವವರು. ನಿಮ್ಮ ಮನೆಯ ಕೂಸು ನೀರಿಗೆ ಕೈ ಚಾಚಿದಾಗ, ಬಿಂದಿಗೆ ಎತ್ತಿಡದೆ ಲೋಟ ಹಿಡಿಯುವವರೊಬ್ಬರು ಪಕ್ಕದಲ್ಲಿರಲಿ.