ಅರ್ಧ ಬೆಲೆಯ ಕೊಳವೆ

ಸಕಲ ಜೀವಿಗಳ ಜಠರದಲ್ಲಿ ಅಗ್ನಿಯನ್ನಿಟ್ಟು, ಆ ಅಗ್ನಿಗೆ ಬೇಕಾದ ಹವಿಸ್ಸನ್ನೂ ತಾನೇ ಹೊತ್ತುಹೊತ್ತಿಗೆ ಒದಗಿಸುವ ದೇವದೇವನಿಗೆ ವಂದನೆ. ಬಾಯಲ್ಲಿ ಉಣ್ಣುವವನನ್ನೂ ಬಾಯಿಯ ಹಂಗಿಲ್ಲದೆ ಉಣ್ಣುವವನನ್ನೂ ಸಮನಾಗಿ ಪೊರೆಯುವ ಆ ಕರುಣೆ ಈ ಕಥೆಗೂ ನೆರಳಾಗಿರಲಿ.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಜನ ಅವನನ್ನು ಅರೆಬೆಲೆ ಸಾಹುಕಾರ ಎಂದು ಕರೆಯುತ್ತಿದ್ದರು. ಮಾರುವಾಗ ಒಂದಕ್ಕೆರಡು ಹೇಳುವುದು, ಕೊಳ್ಳುವಾಗ ಎರಡಕ್ಕೊಂದು ಕೇಳುವುದು ಅವನ ನಿತ್ಯವ್ರತ. ಹೇಳಿದ ಬೆಲೆಯನ್ನು ಹೇಳಿದಷ್ಟೇ ಕೊಡುವುದು ಅವನ ದೃಷ್ಟಿಯಲ್ಲಿ ದಾನವೂ ಅಲ್ಲ, ವ್ಯಾಪಾರವೂ ಅಲ್ಲ; ಬುದ್ಧಿ ಕೆಡುವವರ ಮೊದಲ ಲಕ್ಷಣ.

ಮುಪ್ಪಿನಲ್ಲಿ ಅವನ ಗಂಟಲಿಗೆ ಗಡ್ಡೆಯಾಗಿ, ವೈದ್ಯರು ಅದನ್ನು ಕೊಯ್ದು ತೆಗೆದರು. ಮಾತು ಉಳಿಯಿತು, ನುಂಗುವುದು ಹೋಯಿತು. "ಎರಡರಲ್ಲಿ ಯಾವುದು ಬೇಕು ಅಂತ ಕೇಳಿದ್ರೂ ಇವರು ಮಾತನ್ನೇ ಇಟ್ಕೊಳ್ತಿದ್ರು," ಎಂದು ಅವನ ಹೆಂಡತಿ ನೆಂಟರಿಗೆ ಹೇಳಿದಳು. ಹೊಟ್ಟೆಗೆ ಕಿರುಬೆರಳಿನ ಗಾತ್ರದ ತೂತು ಮಾಡಿ ಕೊಳವೆ ಇಟ್ಟರು. ಅದರ ತುದಿಗೆ ದೊಡ್ಡ ಸಿರಿಂಜು ಸಿಕ್ಕಿಸಿ, ಎತ್ತಿ ಹಿಡಿದು, ಹೆಂಡತಿ ಹೊತ್ತುಹೊತ್ತಿಗೆ ತೆಳ್ಳನೆಯ ಆಹಾರ ಸುರಿಯುತ್ತಿದ್ದಳು. ಅದು ಪೂರ್ತಿ ಇಳಿಯುವವರೆಗೆ ಕೈ ಮೇಲಕ್ಕೇ ಇರಬೇಕು. ಅವಳು ಹೊಲಿಗೆಯವಳು, ಭುಜದ ನೋವು ಮದುವೆಯಷ್ಟೇ ಹಳೆಯದು. "ಈ ತೂತನ್ನು ಜೋಪಾನ ಮಾಡಿ. ಇನ್ನೊಂದು ಸಲ ಕೊಯ್ಯೋದಾದ್ರೆ ಇವರ ಹೃದಯ ತಡೆಯೋದು ಅನುಮಾನ," ಎಂದು ವೈದ್ಯರು ಹೇಳಿ ಕಳಿಸಿದ್ದರು.

ಒಂದು ಬೆಳಿಗ್ಗೆ ಅಂಗಿ ಬಿಚ್ಚುವಾಗ ಕೊಳವೆ ಗುಂಡಿಗೆ ಸಿಕ್ಕಿ ಅಂಗಿಯ ಜೊತೆಗೇ ಹೊರಬಂತು. ಒಳಗೆ ಅದನ್ನು ಹಿಡಿದಿಟ್ಟಿದ್ದ ಪುಟ್ಟ ಬಲೂನು ಹಳತಾಗಿ ಸೋರಿತ್ತು. ಹೆಂಡತಿ ತೂತಿನ ಮೇಲೆ ಒಗೆದ ಬಟ್ಟೆ ಕಟ್ಟಿ, ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಬಂದಳು.

"ಅದೇ ತೂತಿಗೆ ಹೊಸ ಕೊಳವೆ ಹಾಕೋದಕ್ಕೆ ಎಂಟು ಸಾವಿರ ಆಗುತ್ತೆ," ಎಂದಳು ಗಾಜಿನ ಹಿಂದೆ ಹಣ ಕಟ್ಟಿಸಿಕೊಳ್ಳುವ ಹುಡುಗಿ.

"ನಾಲ್ಕು," ಎಂದ ಸಾಹುಕಾರ.

"ಅಜ್ಜಾ, ಇದು ಆಸ್ಪತ್ರೆ."

"ಗೊತ್ತು ತಾಯಿ. ಬಟ್ಟೆ ಅಂಗಡಿ ಆಗಿದ್ರೆ ಮೂರು ಅಂತಿದ್ದೆ. ತೂತು ನಾನೇ ತಂದಿದ್ದೀನಲ್ಲ, ಅದಕ್ಕೇನೂ ಬಿಡೋದಿಲ್ವಾ?"

"ರೀ, ಕೊಟ್ಟುಬಿಡಿ," ಎಂದಳು ಹೆಂಡತಿ.

"ನೀನು ಆ ಕಡೆ ನಿಂತ್ಕೋ. ನಿನ್ನ ಮುಖ ನೋಡಿದ್ರೇನೇ ಬೆಲೆ ಏರುತ್ತೆ."

"ತಡ ಮಾಡ್ಬೇಡಿ ಅಜ್ಜಾ," ಎಂದಳು ಹುಡುಗಿ. "ತೂತು ತಾನಾಗೇ ಮುಚ್ಕೊಳ್ತಾ ಬರುತ್ತೆ. ಸಂಜೆಗೆ ಇರುತ್ತೋ ಇಲ್ವೋ."

ಸಾಹುಕಾರ ನಸುನಕ್ಕ. ಇದೇ ಕೊನೆಯ ತುಂಡು, ಸಂಜೆಗೆ ಇರೋದಿಲ್ಲ ಎಂದು ಜೀವಮಾನವಿಡೀ ಗಿರಾಕಿಗಳಿಗೆ ಹೇಳಿದವನು ಅವನೇ. ಆ ಕೊನೆಯ ತುಂಡುಗಳ ಥಾನುಗಳು ಅವನ ಗೋದಾಮಿನಲ್ಲಿ ಸೂರು ಮುಟ್ಟುತ್ತಿದ್ದವು. ಹುಡುಗಿಗೆ ಕಸುಬು ಬರುತ್ತದೆ ಎಂದು ಮನಸ್ಸಿನಲ್ಲೇ ಮೆಚ್ಚಿ, ಶಾಸ್ತ್ರೋಕ್ತವಾಗಿ ಬೆನ್ನು ತಿರುಗಿಸಿ ಹೊರಟ. ಗಿರಾಕಿ ಹೊರಟರೆ ಹೊಸ್ತಿಲು ದಾಟುವ ಮುನ್ನ ಅಂಗಡಿಯವನು ಕೂಗಿ ಕರೆಯತಕ್ಕದ್ದು, ಅದು ವಣಿಗ್ಧರ್ಮ. ಹೊಸ್ತಿಲ ಬಳಿ ಚಪ್ಪಲಿ ಸರಿಪಡಿಸಿಕೊಳ್ಳುವ ನೆಪದಲ್ಲಿ ನಿಂತ. ಒಳಗಿನಿಂದ ಕೂಗು ಬಂತು.

"ಮುಂದಿನವರು ಬನ್ನಿ."

ಎರಡನೆಯ ಆಸ್ಪತ್ರೆಯಲ್ಲಿ ಹನ್ನೆರಡು ಸಾವಿರ ಎಂದರು. ಮಲಗುವ ಮಂಚಕ್ಕೆ ಬೇರೆ. ಊರಾಚೆಯ ಧರ್ಮಾಸ್ಪತ್ರೆಯಲ್ಲಿ, ಮಧ್ಯಾಹ್ನ ಕಳೆಯುವವರೆಗೆ ಸಾಲಿನಲ್ಲಿ ನಿಂತ ಮೇಲೆ, ಐದು ಸಾವಿರ ಎಂದರು; ಆದರೆ ವೈದ್ಯರು ಬರುವುದು ನಾಳೆ.

"ನೋಡಿದ್ಯಾ," ಎಂದ ಸಾಹುಕಾರ. ಮುಂಜಾನೆಯಿಂದ ಹೊಟ್ಟೆಗೆ ಹನಿಯೂ ಬೀಳದೆ ಅವನ ಧ್ವನಿ ನೂಲಾಗಿತ್ತು. "ಆತುರಗಾರನಿಗೆ ಬುದ್ಧಿ ಮಟ್ಟ. ಒಂದು ರಾತ್ರಿ ಕಾದ್ರೆ ಮೂರು ಸಾವಿರ ಲಾಭ."

ಹೆಂಡತಿ ಬಟ್ಟೆ ಸರಿಸಿ ನೋಡಿದಳು.

"ಆ ಹುಡುಗಿ ಸುಳ್ಳು ಹೇಳ್ಲಿಲ್ಲರೀ."

"ಎಷ್ಟಾಗಿದೆ?"

"ಅಂಗಿ ಕಾಜಾದಷ್ಟು. ನಾಳೆಗೆ ಸೂಜಿ ಕಣ್ಣು. ಆಮೇಲೆ ಕೊಯ್ಯಬೇಕು." ಗಿರಾಕಿಗೆ ಅಳತೆ ಓದಿ ಹೇಳುವ ಧ್ವನಿಯಲ್ಲೇ ಮುಂದುವರಿಸಿದಳು. "ನೀವು ಹೋಗಿ ದುಡ್ಡು ಉಳಿದ್ರೆ ಅದನ್ನ ನಾನೇನು ಮಾಡ್ಲಿ, ಹೊದ್ಕೊಳ್ಳಲಾ?"

ಸಾಹುಕಾರ ಬಗ್ಗಿ ತಾನೂ ನೋಡಿದ. ಸರಕು ಮುಗಿಯುತ್ತಿದೆ ಎಂದು ಅಂಗಡಿಯವರು ನಿಜ ಹೇಳುವುದೂ ಉಂಟು ಎಂಬ ಸಂಗತಿ ಅವನ ಅನುಭವಕ್ಕೆ ಹೊಸದು. ಆಮೇಲೆ ತಾನೇ ಎದ್ದು ಗಾಡಿ ಕರೆದ. ಗಾಡಿಯವನು ಕೇಳಿದ ಬಾಡಿಗೆಗೆ ತಲೆಯಾಡಿಸಿದ. ಆಗ ಹೆಂಡತಿಗೆ ನಿಜವಾಗಿ ಭಯವಾಯಿತು.

ಮೊದಲಿನ ಆಸ್ಪತ್ರೆಯಲ್ಲಿ ವೈದ್ಯರು ಹಳೆಯ ಅಳತೆಯ ಕೊಳವೆ ಹಿಡಿದು ನೋಡಿದರು, ಹೋಗಲಿಲ್ಲ. ಅದಕ್ಕಿಂತ ಸಣ್ಣದೂ ಹೋಗಲಿಲ್ಲ. ಕೊನೆಗೆ ಇದ್ದುದರಲ್ಲಿ ತೀರ ಸಪೂರದ್ದನ್ನು ತರಿಸಿದರು. "ಇದೂ ಹೋಗ್ಲಿಲ್ಲ ಅಂದ್ರೆ ಕೊಯ್ಯೋದೇ," ಎಂದರು. ಸಾಹುಕಾರ ಕಣ್ಣು ಮುಚ್ಚಿ ದೇವರನ್ನು ನೆನೆದ. ಚೌಕಾಸಿ ಮಾಡಲಿಲ್ಲ, ನೀನು ಹೇಳಿದಷ್ಟು ಕೊಡುತ್ತೇನೆ ಎಂದ. ನೋವು ಬೆನ್ನಿನವರೆಗೆ ಇರಿದು ನಿಂತಿತು. ಕೊಳವೆ ಒಳಗೆ ಕೂತಿತ್ತು.

ಗಾಜಿನ ಮುಂದೆ ಅವನು ಎಂಟು ಸಾವಿರವನ್ನೂ ಇಟ್ಟ. ಹುಡುಗಿ ಎಣಿಸಿ ಅರ್ಧವನ್ನು ಹಿಂದಕ್ಕೆ ತಳ್ಳಿದಳು. "ಚಿಕ್ಕ ಅಳತೆದು ಅಜ್ಜಾ. ಇದಕ್ಕೆ ನಾಲ್ಕೇ."

"ಎಂಟು ಇಟ್ಕೋ ತಾಯಿ."

"ಹಾಗೆಲ್ಲ ತಗೊಳ್ಳೋಕೆ ಬರೋಲ್ಲ."

"ಆರಾದ್ರೂ?"

"ಒಂದೇ ಬೆಲೆ ಅಜ್ಜಾ."

ಕೇಳಿದ ಬೆಲೆಗೇ ಮಾಲು ಸಿಕ್ಕಿ, ಮುಖ ಸಪ್ಪಗೆ ಮಾಡಿಕೊಂಡು ಸಾಹುಕಾರ ಅಂಗಡಿ ಇಳಿದದ್ದು ಅಂದೇ ಮೊದಲು.

ಮನೆಯಲ್ಲಿ ಹೆಂಡತಿ ಸಿರಿಂಜು ಎತ್ತಿ ಹಿಡಿದಳು. ಸಪೂರ ಕೊಳವೆಯಲ್ಲಿ ಆಹಾರ ಒಲ್ಲದ ಮನಸ್ಸಿನಿಂದ ಇಳಿಯತೊಡಗಿತು. ಮೊದಲಾಗಿದ್ದರೆ ಮುಗಿಯುತ್ತಿದ್ದ ಹೊತ್ತಿಗೆ ಅರ್ಧವೂ ಆಗಿರಲಿಲ್ಲ. ಅವಳು ಇನ್ನೊಂದು ಕೈಯಿಂದ ಭುಜ ಒತ್ತಿಕೊಂಡಳು.

"ಇನ್ಮೇಲೆ ದಿನಾ ಇಷ್ಟು ಹೊತ್ತಾ?" ಎಂದ.

"ಅರ್ಧ ಬೆಲೆ ತಾನೇ. ಉಳಿದಿದ್ದು ನನ್ನ ಭುಜದ ಲೆಕ್ಕ."

"ಕೊಡು ಇಲ್ಲಿ. ನಾನು ಹಿಡ್ಕೋತೀನಿ."

"ಚೆಲ್ತೀರಿ."

"ಕಲೀತೀನಿ."

ಅವಳು ಸ್ವಲ್ಪ ಯೋಚಿಸಿದಳು. "ಅರ್ಧ ನೀವು ಹಿಡೀರಿ, ಇನ್ನರ್ಧ ನಾನು."

"ಇಲ್ಲ," ಎಂದ ಅರೆಬೆಲೆ ಸಾಹುಕಾರ, ಸಿರಿಂಜನ್ನು ಎರಡೂ ಕೈಗಳಲ್ಲಿ ತೆಗೆದುಕೊಳ್ಳುತ್ತ. "ಪೂರ್ತಿ."

ಈ ಕಥೆಯನ್ನು ಕೇಳಿದವರಿಗೆಲ್ಲ ಹೊತ್ತಿಗೆ ಸರಿಯಾಗಿ ಹಸಿವಾಗಲಿ, ಹಸಿದ ಹೊತ್ತಿಗೆ ಆಹಾರ ದೊರೆಯಲಿ, ಅದು ಯಾವ ದಾರಿಯಿಂದ ಇಳಿದರೂ ಮೈಗೂಡಲಿ. ಅವರಿಗಾಗಿ ಎತ್ತಿ ಹಿಡಿದ ಕೈಗಳು ನೋಯದಿರಲಿ. ಸರ್ವರಿಗೂ ಮಂಗಳವಾಗಲಿ.